ಗಡಿಯಾಚೆ ಕೊಂಡ ಸರಕು, ಗಡಿಯೊಳಗೆ ದೂರು

ಮದುವೆಯ ಜವಳಿಯಾಗಲಿ, ಮನೆಗೊಂದು ಫ್ರಿಜ್ ಆಗಲಿ, ತೋಟಕ್ಕೊಂದು ಪಂಪ್‌ಸೆಟ್ ಆಗಲಿ ಬೇಕಾದಾಗ ಕಾಸರಗೋಡಿನ ಕನ್ನಡ ಮನೆಯವರು ಮಂಗಳೂರಿನ ಬಸ್ಸು ಹತ್ತುವುದು ಇಂದು ನಿನ್ನೆಯ ರೂಢಿಯಲ್ಲ. ಐವತ್ತು ಕಿಲೋಮೀಟರು ದೂರ. ಆಯ್ಕೆಗೆ ಬೇಕಾದಷ್ಟು ಅಂಗಡಿ. ಚೌಕಾಶಿಗೆ ನಮ್ಮದೇ ಮಾತು. ಆದರೆ ತಂದ ಪಂಪು ಮೂರನೆಯ ವಾರಕ್ಕೆ ನೀರೆತ್ತುವುದನ್ನು ನಿಲ್ಲಿಸಿತೆಂದರೆ ಆಗ ಗಡಿ ನೆನಪಾಗುತ್ತದೆ. ಅಂಗಡಿಯವರು ಕಂಪೆನಿಯತ್ತ ಬೆರಳು ತೋರಿಸುತ್ತಾರೆ. ಕಂಪೆನಿಯವರು ಸರ್ವಿಸ್ ಸೆಂಟರಿನತ್ತ ಕಳುಹಿಸುತ್ತಾರೆ. ಸರ್ವಿಸ್ ಸೆಂಟರಿನವರು ಬಿಡಿಭಾಗ ಬಂದಿಲ್ಲ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ಎರಡು ಮೂರು ಸಲ ಬಸ್ಸಿನ ಖರ್ಚು, ಕೂಲಿಯ ನಷ್ಟ ಆದ ಮೇಲೆ, ಬೇರೆ ರಾಜ್ಯದ ಅಂಗಡಿ, ಬೇರೆ ರಾಜ್ಯದ ಕೋರ್ಟು, ನಮಗೇಕೆ ಈ ಉಸಾಬರಿ ಎಂದು ಮನೆಯವರು ಕೈಬಿಡುತ್ತಾರೆ.

ಹೀಗೆ ಕೈಬಿಡಬೇಕಾದ ಕಾಲ 2020ರಲ್ಲೇ ಮುಗಿದಿದೆ ಎಂಬುದನ್ನು ಓದುಗರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಅದಕ್ಕೆ ನಮ್ಮ ಹಾಗೆಯೇ ಗಡಿಯಂಚಿನಲ್ಲಿ ಉಳಿದ ಇನ್ನೊಂದು ಕನ್ನಡ ಸೀಮೆಯತ್ತ ನೋಡೋಣ. ಅದು ತಮಿಳುನಾಡಿನ ಸೇಲಂ–ಧರ್ಮಪುರಿ ಸೀಮೆ.

ಹೊಸೂರಿನ ಪಾಡು, ನಮ್ಮ ಪಾಡು

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಕೈತಪ್ಪಿ ಕುಂಪಣಿ ಸರಕಾರಕ್ಕೆ ಸೇರಿದ ಬಾರಾಮಹಲ್ ಪ್ರಾಂತ ಮುಂದೆ ಸೇಲಂ ಜಿಲ್ಲೆಯ ಭಾಗವಾಯಿತು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಹೊಸೂರು ಸೀಮೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅದೇ ವರ್ಷ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಜಿಲ್ಲೆಯಾಯಿತು. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಅಂಚೆಟ್ಟಿಯ ಸುತ್ತಿನ ಕನ್ನಡ ಮನೆಗಳು ಇಂದು ಈ ಕೃಷ್ಣಗಿರಿ ಜಿಲ್ಲೆಯಲ್ಲಿವೆ. ಸೇಲಂ ಪೇಟೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ.

ನಮಗೆ ಮಂಗಳೂರು ಹೇಗೋ ಹೊಸೂರಿನವರಿಗೆ ಬೆಂಗಳೂರು ಹಾಗೆ. ನಡುವಿನ ದೂರ ನಲವತ್ತು ಕಿಲೋಮೀಟರು. ಮಿಕ್ಸಿ, ಟಿ.ವಿ., ಮೊಬೈಲು, ಹೊಲಿಗೆ ಯಂತ್ರ, ಬೀಜ, ಔಷಧಿ ಎಲ್ಲವೂ ಅತ್ತಿಬೆಲೆಯ ಗಡಿ ದಾಟಿ ಬರುವವೇ. ಬಿಲ್ಲು ಇಂಗ್ಲಿಷಿನಲ್ಲಿ, ಅಜ್ಜನಿಗೆ ಓದಲು ಬರುವುದು ಕನ್ನಡ, ಮೊಮ್ಮಗ ಶಾಲೆಯಲ್ಲಿ ಕಲಿಯುವುದು ತಮಿಳು, ಏಕೆಂದರೆ 2006ರ ತಮಿಳು ಕಲಿಕೆ ಕಾಯಿದೆ ಅದನ್ನು ಹಂತ ಹಂತವಾಗಿ ಕಡ್ಡಾಯ ಮಾಡಿತು. ಇಲ್ಲಿ ತಮಿಳು ಎಂದಿರುವಲ್ಲಿ ಮಲಯಾಳ ಎಂದು ಓದಿಕೊಂಡರೆ ಚಿತ್ರ ನಮ್ಮದೇ.

ಸಿಟ್ಟಿನ ದಾರಿ, ದೂರಿನ ದಾರಿ

ಹೊಸೂರು–ಕೃಷ್ಣಗಿರಿ ಸೀಮೆ ಇಂದು ಸರಕು ಕೊಳ್ಳುವ ನಾಡು ಮಾತ್ರವಲ್ಲ, ತಯಾರಿಸುವ ನಾಡೂ ಹೌದು. ಮೊಪೆಡ್ಡು, ಲಾರಿ, ಕೈಗಡಿಯಾರಗಳ ಕಾರ್ಖಾನೆಗಳಿಂದ ಹೊಸೂರಿನ ಹೆಸರು ದೇಶಕ್ಕೆಲ್ಲ ಪರಿಚಿತ. 2021ರಿಂದ ಅದೇ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಕಂಪೆನಿಯ ವಿದ್ಯುತ್ ಸ್ಕೂಟರುಗಳು ತಯಾರಾಗುತ್ತಿವೆ. ದೋಷದ ಸರಕಿನ ಪ್ರಶ್ನೆ ಇಡೀ ದೇಶದಲ್ಲಿ ಚರ್ಚೆಯಾದದ್ದು ಈ ಸ್ಕೂಟರುಗಳ ವಿಷಯದಲ್ಲೇ. ಆ ಪ್ರಕರಣದಲ್ಲಿ ನಮಗೆ ಎರಡು ಪಾಠಗಳಿವೆ.

2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯ ಗ್ರಾಹಕನೊಬ್ಬ, ಕೊಂಡು ತಿಂಗಳೂ ಆಗದ ತನ್ನ ಸ್ಕೂಟರು ಪದೇ ಪದೇ ಕೆಟ್ಟಿತೆಂದೂ ಶೋರೂಮಿನವರು ಸರಿಯಾಗಿ ಸ್ಪಂದಿಸಲಿಲ್ಲವೆಂದೂ ರೇಗಿ, ಶೋರೂಮಿಗೇ ಬೆಂಕಿಯಿಟ್ಟ. ವಾಹನಗಳು ಸುಟ್ಟವು, ಅವನನ್ನು ಪೊಲೀಸರು ಬಂಧಿಸಿದರು. ನೊಂದವನ ಸಿಟ್ಟು ಯಾರಿಗೂ ಅರ್ಥವಾಗುವಂಥದೇ. ಆದರೆ ಅಂದಿನವರೆಗೆ ದೂರುದಾರನಾಗಿದ್ದವನು ಒಂದೇ ಗಳಿಗೆಯಲ್ಲಿ ಆರೋಪಿಯಾದ. ಅವನ ಸ್ಕೂಟರಿನ ದೋಷದ ಮಾತು ಹಿಂದೆ ಬಿತ್ತು.

ಅದೇ ಹೊತ್ತಿನಲ್ಲಿ ಇನ್ನೊಂದು ದಾರಿಯಲ್ಲಿ ಸಾವಿರಾರು ಜನ ನಡೆದಿದ್ದರು. 2023ರ ಸೆಪ್ಟೆಂಬರಿನಿಂದ 2024ರ ಆಗಸ್ಟಿನವರೆಗಿನ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಕಂಪೆನಿಯ ಮೇಲೆ ಬಂದ ದೂರುಗಳು 10,644. ರಿಪೇರಿಯಲ್ಲಿ ವಿಳಂಬ, ವಾಹನ ಕೊಡುವುದರಲ್ಲಿ ವಿಳಂಬ, ತಯಾರಿಕೆಯ ದೋಷ, ಹೇಳಿದ ಸೇವೆ ಸಿಗದಿರುವುದು ಇವೇ ಮುಖ್ಯ ಅಹವಾಲುಗಳು. ಈ ಎಣಿಕೆಯನ್ನು ಮುಂದಿಟ್ಟುಕೊಂಡು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಕಂಪೆನಿಗೆ ಕಾರಣ ಕೇಳಿ ನೋಟೀಸು ಕೊಟ್ಟಿತು. ದೂರುಗಳಲ್ಲಿ ಶೇ. 99.1ರಷ್ಟನ್ನು ಬಗೆಹರಿಸಿದ್ದೇವೆಂದು ಕಂಪೆನಿ ಉತ್ತರಿಸಿತು. ಆ ಮಾತನ್ನು ಹಾಗೆಯೇ ಒಪ್ಪದೆ ಪ್ರಾಧಿಕಾರವು ತನ್ನ ತನಿಖಾ ವಿಭಾಗಕ್ಕೆ ವಿಚಾರಣೆಯನ್ನು ಒಪ್ಪಿಸಿತು.

ಕಂಪೆನಿಯ ತಪ್ಪೊಪ್ಪುಗಳನ್ನು ತೀರ್ಮಾನಿಸುವುದು ಇಲ್ಲಿ ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದುದು ಇಷ್ಟೆ: ದೂರು ಕೊಟ್ಟವರಲ್ಲಿ ಒಬ್ಬೊಬ್ಬರೂ ಒಂಟಿ ಗ್ರಾಹಕರೇ. ಅವರ ಮಾತು ದಾಖಲಾಯಿತು, ದಾಖಲಾದದ್ದನ್ನು ಎಣಿಸಲಾಯಿತು, ಎಣಿಕೆಯೇ ಸರಕಾರದ ಕೈ ಹಿಡಿದೆಳೆಯಿತು. ಬರೆಯದ ದೂರು ಎಂಥ ನ್ಯಾಯವಾದ ದೂರಾದರೂ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕಾಯಿದೆ ನಮ್ಮ ಊರಿಗೆ ಬಂದ ಬಗೆ

ಮೊದಲು ಇಂಥ ವ್ಯಾಜ್ಯಗಳಿಗೆ 1930ರ ಸರಕು ಮಾರಾಟ ಕಾಯಿದೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ಐನೂರು ರೂಪಾಯಿಯ ಇಸ್ತ್ರಿಪೆಟ್ಟಿಗೆಗಾಗಿ ಐದು ಸಾವಿರ ಖರ್ಚು ಮಾಡಿ ಯಾರು ವ್ಯಾಜ್ಯ ಹೂಡುತ್ತಾರೆ? 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಜಿಲ್ಲೆಗೊಂದು ಗ್ರಾಹಕ ವೇದಿಕೆ ಬಂತು. ನಮ್ಮ ಕರಾವಳಿಯಲ್ಲಿ ಈ ಜಾಗೃತಿ ಆ ದಶಕದಲ್ಲೇ ಬೇರೂರಿತ್ತು, ಡಾ. ರವೀಂದ್ರನಾಥ ಶಾನುಭಾಗರು ಮುಂಚೂಣಿಯಲ್ಲಿದ್ದ ಉಡುಪಿಯ ಬಳಕೆದಾರರ ವೇದಿಕೆಯ ಕೆಲಸವನ್ನು ಹಿರಿಯ ಓದುಗರು ಬಲ್ಲರು.

ಆದರೆ 1986ರ ಕಾಯಿದೆಯಲ್ಲಿ ಗಡಿಯವರಿಗೊಂದು ತೊಡಕಿತ್ತು. ಮಾರಿದವನು ಎಲ್ಲಿ ವ್ಯಾಪಾರ ಮಾಡುತ್ತಾನೋ ಅಥವಾ ವ್ಯಾಜ್ಯದ ಕಾರಣ ಎಲ್ಲಿ ಹುಟ್ಟಿತೋ ಅಲ್ಲಿ ದೂರು ಹೂಡಬೇಕಿತ್ತು. ಬೆಂಗಳೂರಿನಲ್ಲಿ ಕೊಂಡ ತಳಿಯ ರೈತ ಬೆಂಗಳೂರಿಗೆ, ಮಂಗಳೂರಿನಲ್ಲಿ ಕೊಂಡ ಮಂಜೇಶ್ವರದ ಗೃಹಿಣಿ ಮಂಗಳೂರಿಗೆ ಅಲೆಯಬೇಕು. 2019ರ ಹೊಸ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಾಗ ಈ ತೊಡಕು ನೀಗಿತು. ದೂರುದಾರನು ತಾನು ವಾಸವಾಗಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದೆಂದು 34ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಬೆಂಗಳೂರಿನ ಅಂಗಡಿ ಕೃಷ್ಣಗಿರಿಗೆ ಬಂದು ಉತ್ತರ ಹೇಳಬೇಕು. ಮಂಗಳೂರಿನ ಅಂಗಡಿ ಕಾಸರಗೋಡಿಗೆ ಬಂದು ಉತ್ತರ ಹೇಳಬೇಕು. ಗಡಿನಾಡಿನವರ ಪಾಲಿಗೆ ಇದು ದೊಡ್ಡ ಬದಲಾವಣೆ. ವಿಷಾದವೆಂದರೆ, ಇದರ ಪ್ರಚಾರ ಅತ್ಯಂತ ಕಡಿಮೆಯಾಗಿರುವುದೂ ಗಡಿನಾಡಿನಲ್ಲೇ.

ಮಿಕ್ಕ ಅಂಶಗಳನ್ನು ಚುಟುಕಾಗಿ ಹೇಳುತ್ತೇವೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಹೂಡಬೇಕು. ವಕೀಲರು ಕಡ್ಡಾಯವಲ್ಲ, ತಾನೇ ವಾದಿಸಬಹುದು, ಅಧಿಕಾರ ಕೊಟ್ಟ ಪ್ರತಿನಿಧಿಯನ್ನೂ ಕಳುಹಿಸಬಹುದು. ದೋಷವೆಂಬುದು ರುಜುವಾತಾದರೆ ಅದನ್ನು ಸರಿಪಡಿಸಿಕೊಡಲು, ಬದಲಿ ಸರಕು ಕೊಡಲು, ಹಣ ಹಿಂದಿರುಗಿಸಲು, ನಷ್ಟಪರಿಹಾರ ಕೊಡಲು ಆಯೋಗ ಆಜ್ಞೆ ಮಾಡಬಹುದು. ಆಜ್ಞೆಯನ್ನು ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೆ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು.

"ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸುವ ಅಂಗಡಿಗಳು ಇಂದಿಗೂ ಇವೆ. ಆ ಸಾಲನ್ನು ಕಂಡು ಹೆದರಬೇಕಾಗಿಲ್ಲ. ದೋಷದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಹೊಸ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಹಾಗೆಯೇ. ಮೊಬೈಲಿನಲ್ಲಿ ಆರ್ಡರು ಮಾಡಿ ತರಿಸಿದ ಸರಕಿಗೂ ರಕ್ಷಣೆ ಇದೆ: 2020ರ ನಿಯಮದಂತೆ ಆ ಕಂಪೆನಿಯ ಅಹವಾಲು ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಬೀಜ ಮೊಳೆಯದಿದ್ದರೆ

ಕೆಟ್ಟ ಮಿಕ್ಸಿಯಿಂದ ಆಗುವುದು ಅಡಿಗೆಮನೆಯ ತೊಂದರೆ. ಕೆಟ್ಟ ಬೀಜದಿಂದ ಹೋಗುವುದು ಒಂದು ವರ್ಷದ ಅನ್ನ. ರಾಯಕೋಟೆ, ಪಾಲಕ್ಕೋಡಿನ ಟೊಮೆಟೊ ಬೆಳೆಗಾರನಿಗೂ ಡೆಂಕಣಿಕೋಟೆಯ ರಾಗಿ ಬೆಳೆಗಾರನಿಗೂ ಇದು ಪ್ರಾಣದ ಪ್ರಶ್ನೆ. 1966ರ ಬೀಜ ಕಾಯಿದೆಯಡಿ ಗೊತ್ತುಮಾಡಿದ ಮಟ್ಟದಂತೆ ದೃಢೀಕೃತ ಟೊಮೆಟೊ ಬೀಜ ಕನಿಷ್ಠ ನೂರಕ್ಕೆ 70, ರಾಗಿ ನೂರಕ್ಕೆ 75 ಮೊಳೆಯಬೇಕು. ಆದರೆ ಮೊಳೆಯದಾಗ, "ಮಳೆ ಹೆಚ್ಚಾಯಿತು, ನೀವು ಆಳಕ್ಕೆ ಬಿತ್ತಿದಿರಿ, ಬೀಜವನ್ನು ಪರೀಕ್ಷೆಗೆ ಕಳುಹಿಸಿದ್ದೀರಾ?" ಎಂಬ ಸವಾಲು ರೈತನ ಮೇಲೆಯೇ ಬೀಳುತ್ತದೆ. ಬಿತ್ತಿ ಮುಗಿದ ಬೀಜವನ್ನು ಅವನು ಎಲ್ಲಿಂದ ತಂದಾನು?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಉತ್ತರ ಕೊಟ್ಟಿದೆ. ಆಂಧ್ರಪ್ರದೇಶದ ರೈತರು ಸರಕಾರಿ ಸ್ವಾಮ್ಯದ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ನಿನ ಬೀಜ ಬಿತ್ತಿ ನಷ್ಟವಾಗಿ ಗ್ರಾಹಕ ವೇದಿಕೆಗೆ ಹೋಗಿದ್ದರು. ರೈತರು ಗ್ರಾಹಕರೇ ಅಲ್ಲ, ಬೀಜ ಕಾಯಿದೆ ಬೇರೆಯೇ ಇದೆ, ಪ್ರಯೋಗಾಲಯದ ವರದಿ ಇಲ್ಲ ಎಂಬವು ನಿಗಮದ ವಾದಗಳು. ನ್ಯಾಯಾಲಯ ಇವನ್ನು ತಳ್ಳಿಹಾಕಿತು. ರೈತ ಗ್ರಾಹಕನೇ, ಕೊಂಡದ್ದನ್ನೆಲ್ಲ ಬಿತ್ತಿದವನಿಂದ ಮಾದರಿ ಬೀಜ ಎತ್ತಿಟ್ಟಿರಬೇಕೆಂದು ನಿರೀಕ್ಷಿಸಲಾಗದು, ಅದೇ ತಂಡದ ಬೀಜ ನಿಗಮದ ಬಳಿ ಇದ್ದುದರಿಂದ ಪರೀಕ್ಷೆಗೆ ಕಳುಹಿಸುವ ದಾರಿ ನಿಗಮಕ್ಕೇ ಇತ್ತು ಎಂದಿತು. ಹೊಲಕ್ಕೆ ಬಂದು ನೋಡಿದ ಕೃಷಿ ಅಧಿಕಾರಿಯ ವರದಿಗೆ ಬೆಲೆ ಇದೆ ಎಂಬುದೂ ಇದರಿಂದ ಗೊತ್ತಾಗುತ್ತದೆ. ಆದುದರಿಂದ ಬೀಜ ಕೈಕೊಟ್ಟ ರೈತ ಮೊದಲು ಮಾಡಬೇಕಾದುದು, ಹೊಲವನ್ನು ಉತ್ತು ಬೇರೆ ಬಿತ್ತುವ ಮುನ್ನ ಕೃಷಿ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ ಅಧಿಕಾರಿಯನ್ನು ಹೊಲಕ್ಕೆ ಕರೆಸುವುದು. ಬಿಲ್ಲು, ಖಾಲಿ ಚೀಲ, ಅದರ ಮೇಲಿನ ಚೀಟಿ, ತಂಡದ ಸಂಖ್ಯೆ ಇವೇ ಅವನ ಸಾಕ್ಷಿಗಳು. ನಮ್ಮ ಅಡಿಕೆ, ತೆಂಗು, ತರಕಾರಿ ಬೆಳೆಗಾರರಿಗೂ ಈ ಮಾತು ಸಲ್ಲುತ್ತದೆ.

ಸೇಲಂನ ನೇಕಾರನಂಥವರಿಗೆ ಇನ್ನೊಂದು ಸಂಶಯ ಉಂಟು. ಮಗ್ಗದ ಮೋಟಾರು, ಹೊಲಿಗೆ ಯಂತ್ರ, ಆಟೋರಿಕ್ಷಾ ಇವು ಸಂಪಾದನೆಗೆ ಕೊಂಡವು. ವಾಣಿಜ್ಯದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಎಂದು ಕಾಯಿದೆ ಹೇಳುತ್ತದಲ್ಲ? ಹೇಳುವುದು ಹೌದು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆಂದೇ ಕೊಂಡು ಬಳಸುವವನು ಗ್ರಾಹಕನೇ ಎಂದು ಅದೇ ಕಾಯಿದೆ ವಿವರಿಸುತ್ತದೆ. ಕೊಯಮತ್ತೂರಿನ ಸಂಸ್ಥೆಯೊಂದು ಪ್ರತಿವಾದಿಯಾಗಿದ್ದ 1995ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ತಾನೇ ಓಡಿಸುವ ಆಟೋರಿಕ್ಷಾದವನು ಗ್ರಾಹಕ. ಹತ್ತು ಆಟೋ ಕೊಂಡು ಬಾಡಿಗೆಗೆ ಬಿಡುವವನು ಅಲ್ಲ.

ಭಾಷೆಯ ಗೋಡೆ

ಹಕ್ಕು ಊರಿಗೆ ಬಂದರೂ ಅದರ ಬಾಗಿಲಿನ ಬರಹ ನಮಗೆ ಓದಲು ಬಾರದಿದ್ದರೆ ಏನು ಪ್ರಯೋಜನ? ಪೊಟ್ಟಣದ ಸರಕುಗಳ 2011ರ ನಿಯಮದ ಪ್ರಕಾರ ಬೆಲೆ, ತೂಕ, ತಯಾರಿಕೆಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆ ಕಂಪೆನಿಯ ಇಷ್ಟಕ್ಕೆ ಬಿಟ್ಟದ್ದು. ಇದರಿಂದ ಕಷ್ಟ ಕನ್ನಡದವರಿಗೆ ಮಾತ್ರವಲ್ಲ. ತಮಿಳು, ಮಲಯಾಳ ಮಾತ್ರ ಓದಬಲ್ಲವರಿಗೂ ಇದೆ. ಆದರೆ 1971ರ ಕೀಟನಾಶಕ ನಿಯಮಗಳಲ್ಲಿ, ಹಿಂದಿ ಇಂಗ್ಲಿಷುಗಳ ಜೊತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಚೀಟಿ ಇರಬೇಕೆಂದು ವಿಧಿಸಿದ್ದಾರೆ. ವಿಷದ ಡಬ್ಬಿಯ ಮೇಲಿನ ಬರಹ ಜನರಿಗೆ ಓದಲು ಬರಬೇಕೆಂಬ ವಿವೇಕ ಸರಕಾರಕ್ಕೆ ಐವತ್ತು ವರ್ಷದ ಹಿಂದೆಯೇ ಇತ್ತೆಂದಾಯಿತು. ಪ್ರೆಷರ್ ಕುಕ್ಕರು, ಗ್ಯಾಸ್ ಒಲೆ, ವಿದ್ಯುತ್ ಸ್ಕೂಟರುಗಳ ಗ್ಯಾರಂಟಿ ಕಾರ್ಡಿಗೂ ಬಳಕೆಯ ಪುಸ್ತಿಕೆಗೂ ಅದೇ ವಿವೇಕವನ್ನು ವಿಸ್ತರಿಸಲು ಅಡ್ಡಿಯೇನು?

ದೂರಿನ ಭಾಷೆಯ ವಿಷಯದಲ್ಲಿ ಸಂವಿಧಾನದ 350ನೆಯ ಅನುಚ್ಛೇದವನ್ನು ನಮ್ಮವರು ನೆನಪಿಡಬೇಕು. ಕುಂದುಕೊರತೆ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕುಂಟು. ಹೊಸೂರಿನ ಕೃಷಿ ಅಧಿಕಾರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟ ರೈತ, ಕಾಸರಗೋಡಿನ ತೂಕ-ಅಳತೆಯ ಅಧಿಕಾರಿಗೆ ಕನ್ನಡದಲ್ಲಿ ಬರೆದ ಗೃಹಿಣಿ, ಯಾರ ದಾಕ್ಷಿಣ್ಯವನ್ನೂ ಬೇಡುತ್ತಿಲ್ಲ. ಆದರೆ ಈ ಅನುಚ್ಛೇದ ಮನವಿ ಸಲ್ಲಿಸುವ ಹಕ್ಕನ್ನು ಕೊಡುತ್ತದೆಯೇ ಹೊರತು ಅದೇ ಭಾಷೆಯಲ್ಲಿ ಉತ್ತರ ಬರಬೇಕೆಂದು ಹೇಳುವುದಿಲ್ಲ. ಗ್ರಾಹಕ ಆಯೋಗದ ಕಾರ್ಯಕಲಾಪವೂ ಕಚೇರಿಯ ಅರ್ಜಿಯಷ್ಟು ಸರಳವಲ್ಲ. ಕನ್ನಡದ ಪತ್ರಗಳಿಗೆ ಅನುವಾದ ಲಗತ್ತಿಸುವುದೇ ಸದ್ಯಕ್ಕೆ ಜಾಣತನ. ಜಿಲ್ಲಾ ಆಯೋಗಗಳಲ್ಲಿ ಭಾಷಾ ಅಲ್ಪಸಂಖ್ಯಾತರಿಗಾಗಿ ಅನುವಾದಕರೊಬ್ಬರನ್ನು ನೇಮಿಸಬೇಕೆಂಬುದು ಕೃಷ್ಣಗಿರಿಯ ಕನ್ನಡಿಗರೂ ನಾವೂ ಒಟ್ಟಾಗಿ ಕೇಳಬೇಕಾದ ಬೇಡಿಕೆ.

ಅಲ್ಲಿಯವರೆಗೆ ಒಂದು ಬಾಗಿಲು ಕನ್ನಡಕ್ಕೆ ತೆರೆದೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿದರೆ ಕನ್ನಡವೂ ಸೇರಿ 17 ಭಾಷೆಗಳಲ್ಲಿ ದೂರು ಕೊಡಬಹುದು. ಇದು ಕೋರ್ಟಲ್ಲ, ತೀರ್ಪು ಕೊಡುವ ಅಧಿಕಾರ ಇದಕ್ಕಿಲ್ಲ. ದೂರನ್ನು ಕಂಪೆನಿಗೆ ತಲುಪಿಸಿ ಉತ್ತರ ಕೇಳುತ್ತದೆ, ನಮಗೊಂದು ದಾಖಲೆಯ ಸಂಖ್ಯೆ ಸಿಗುತ್ತದೆ. ಸ್ಕೂಟರಿನ ಪ್ರಕರಣದಲ್ಲಿ ಎಣಿಕೆಗೆ ಬಂದದ್ದು ಇಂಥ ದೂರುಗಳೇ.

ತಡವಾಗುವ ನ್ಯಾಯ

ಕಾಯಿದೆಯ ಗುಣಗಾನ ಮಾಡಿ ಮುಗಿಸಿದರೆ ಓದುಗರಿಗೆ ಅನ್ಯಾಯ ಮಾಡಿದಂತಾದೀತು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ದೂರನ್ನು ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಅನುಭವದಲ್ಲಿ ವರ್ಷಗಳೇ ಹಿಡಿಯುವುದುಂಟು. ಅಧ್ಯಕ್ಷರಿಲ್ಲ, ಸದಸ್ಯರಿಲ್ಲ ಎಂದು ಆಯೋಗಗಳು ಖಾಲಿ ಬಿದ್ದದ್ದನ್ನು ನೋಡಿ 2021ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಆ ವಿಷಯವನ್ನು ಕೈಗೆತ್ತಿಕೊಳ್ಳಬೇಕಾಯಿತು. ದೊಡ್ಡ ಕಂಪೆನಿಗೆ ಕಾಯುವ ಶಕ್ತಿ ಇದೆ, ದಿನಗೂಲಿಯವನಿಗೆ ಇಲ್ಲ. ವಾಯಿದೆಯ ಮೇಲೆ ವಾಯಿದೆ ಕೊಡುತ್ತ ಹೋದರೆ ಹತ್ತಿರದ ಕೋರ್ಟೂ ದೂರದ ಕೋರ್ಟಿನಂತೆಯೇ ಆಗುತ್ತದೆ. ಮಿಂಚುದಾರಿಯಲ್ಲಿ ದೂರು ಹೂಡುವ ಇ-ದಾಖಿಲ್ 2020ರಲ್ಲೂ ಇ-ಜಾಗೃತಿ 2025ರಲ್ಲೂ ಬಂದವು. ವೀಡಿಯೋ ಮೂಲಕ ವಿಚಾರಣೆಗೂ ಕಾಯಿದೆಯಲ್ಲಿ ಅವಕಾಶವಿದೆ. ಯಂತ್ರ ಎಷ್ಟು ಚುರುಕಾದರೂ ಪೀಠದಲ್ಲಿ ಕೂರಲು ಮನುಷ್ಯ ಬೇಕು. ಖಾಲಿ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬುವುದು ರಾಜ್ಯ ಸರಕಾರಗಳ ಹೊಣೆ.

ಮನೆಯಲ್ಲಿ ನಾವು ಮಾಡಬೇಕಾದುದು ಬಹಳವೇನಲ್ಲ. ಬಿಲ್ಲಿಲ್ಲದೆ ಕೊಳ್ಳಬಾರದು; ಹತ್ತು ರೂಪಾಯಿ ಕಡಿಮೆ ಮಾಡುತ್ತೇನೆಂದರೂ ಬಿಲ್ಲು ಬಿಡಬಾರದು. ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ, ತಾರೀಕು ಹಾಕಿಸಿಕೊಳ್ಳಬೇಕು. ಈಗಿನ ಬಿಲ್ಲಿನ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುವುದರಿಂದ ತಂದ ದಿನವೇ ಅದರ ಜೆರಾಕ್ಸ್ ಇಲ್ಲವೆ ಫೋಟೋ ತೆಗೆದಿಡಬೇಕು. ಸರಕು ಕೆಟ್ಟರೆ ಬಾಯಿಮಾತಿನಲ್ಲಿ ಜಗಳವಾಡುವುದಕ್ಕಿಂತ, ಕೊಂಡ ದಿನ, ಬೆಲೆ, ದೋಷ, ಬೇಕಾದ ಪರಿಹಾರ ಇವನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಗೂ ಕಂಪೆನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಅನಂತರ 1915; ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಆಯೋಗ. ಇಂಗ್ಲಿಷಿನ ಅರ್ಜಿ ಬರೆಯಲು ಬಾರದ ನೆರೆಮನೆಯವರಿಗೆ ಓದಿದ ಮಕ್ಕಳು ನೆರವಾಗಬೇಕು. ನಮ್ಮ ವಾಚನಾಲಯಗಳೂ ಕನ್ನಡ ಸಂಘಗಳೂ ತಿಂಗಳಿಗೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟರೆ ಅದು ರಾಜ್ಯೋತ್ಸವದ ಭಾಷಣಕ್ಕಿಂತ ಕಡಿಮೆಯ ಕನ್ನಡ ಸೇವೆಯಲ್ಲ.

ಡೆಂಕಣಿಕೋಟೆಯ ರೈತನೊಬ್ಬ ಬೆಂಗಳೂರಿನ ಬೀಜದಂಗಡಿಯನ್ನು ಕೃಷ್ಣಗಿರಿಗೆ ಕರೆಸಿ ಉತ್ತರ ಹೇಳಿಸಬಹುದಾದರೆ, ಮಂಜೇಶ್ವರದ ಗೃಹಿಣಿ ಮಂಗಳೂರಿನ ಅಂಗಡಿಯನ್ನು ಕಾಸರಗೋಡಿಗೆ ಕರೆಸಲು ಹಿಂಜರಿಯಬೇಕಾಗಿಲ್ಲ. ಎರಡು ವರ್ಷದ ಗಡುವು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಕೆಟ್ಟ ಸರಕು ಅಟ್ಟದಲ್ಲಿ ಧೂಳು ಹಿಡಿಯುತ್ತಿರುವ ಮನೆಯವರು ಇಂದೇ ಅದರ ಬಿಲ್ಲನ್ನು ಹುಡುಕಿ ತಾರೀಕು ನೋಡಲಿ.